ಖಾಡಿ ದಾಟಿದ ದಂಡು: ಚಿಮಾಜಿ ಅಪ್ಪನ ಜೀವನಕಥೆ

ಡೊಂಬಿವಲಿ, ಕಲ್ಯಾಣಗಳಿಂದ ದಿನವೂ ಬೆಳಗಿನ ಗಾಡಿಯಲ್ಲಿ ಮುಂಬಯಿಗೆ ಉದ್ಯೋಗಕ್ಕೆ ತೆರಳುವ ನಮ್ಮ ಬಂಧುಗಳು ಕಳವಾ ನಿಲ್ದಾಣವನ್ನು ದಾಟಿದೊಡನೆ ಸೇತುವೆಯೊಂದನ್ನು ಹಾಯುತ್ತಾರೆ. ಕೆಳಗೆ ಉಪ್ಪುನೀರು, ಎರಡೂ ಬದಿಗೆ ಕೆಸರು ಮತ್ತು ಪೊದೆ. ಗಾಡಿ ಒಂದೆರಡು ನಿಮಿಷಗಳಲ್ಲಿ ಠಾಣೆಯನ್ನು ಮುಟ್ಟುತ್ತದೆ. ಈ ಪ್ರಾಂತದವರು ಖಾಡಿಯೆಂದು ಕರೆಯುವ ಈ ನೀರನ್ನು ನಮ್ಮ ಕರಾವಳಿಯವರಾದರೆ ಅಳಿವೆಯೆಂದಾರು. ಇದನ್ನು ದಾಟುವುದು ಒಂದು ಕಾಲದಲ್ಲಿ ಒಂದು ರಾಜ್ಯದ ಸಾಮರ್ಥ್ಯಕ್ಕೇ ಪರೀಕ್ಷೆಯಾಗಿತ್ತು. ಆ ಪರೀಕ್ಷೆಯನ್ನು 1737ರಲ್ಲಿ ಎದುರಿಸಿ ಗೆದ್ದವನು ಪೇಶವೆ ಮೊದಲನೆಯ ಬಾಜಿರಾಯನ ತಮ್ಮನಾದ ಚಿಮಾಜಿ ಅಪ್ಪ. ಅಣ್ಣನ ಹೆಸರನ್ನು ಬಲ್ಲವರು ಅನೇಕರು. ನಾವು ಬಾಳುತ್ತಿರುವ ಈ ನೆಲದ ಇತಿಹಾಸವನ್ನು ಬದಲಿಸಿದ ತಮ್ಮನ ಜೀವನವನ್ನು ಅರಿತವರು ಕಡಿಮೆ. ಆದುದರಿಂದ ಅದನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ಮನೆತನ ಮತ್ತು ಬಾಲ್ಯ

ಭಟ ಮನೆತನದವರು ಮೂಲತಃ ಕೊಂಕಣದ ಶ್ರೀವರ್ಧನದವರು. ಸಮುದ್ರದಂಚಿನ ಆ ಊರು ಜಂಜೀರೆಯ ಸಿದ್ದಿಯ ಆಳ್ವಿಕೆಗೆ ಸೇರಿತ್ತು. ಸಿದ್ದಿಯ ವಿರೋಧವನ್ನು ಕಟ್ಟಿಕೊಂಡು ಊರು ಬಿಡಬೇಕಾಗಿ ಬಂದ ಬಾಳಾಜಿ ವಿಶ್ವನಾಥನು ಘಟ್ಟವನ್ನೇರಿ ಮರಾಠರ ಸೇವೆಗೆ ಸೇರಿ, ತನ್ನ ಬುದ್ಧಿಬಲದಿಂದ ಶಾಹೂ ಮಹಾರಾಜನ ಪೇಶವೆಯಾದನು. ಹೊಟ್ಟೆಪಾಡಿಗಾಗಿ ಕಡಲತೀರವನ್ನು ಬಿಟ್ಟು ಪರಸ್ಥಳಕ್ಕೆ ಬಂದು ನೆಲೆಗಂಡವರ ಕಥೆ ನಮ್ಮ ವಾಚಕರಿಗೆ ಅಪರಿಚಿತವಲ್ಲ.

ಬಾಳಾಜಿ ಮತ್ತು ರಾಧಾಬಾಯಿಯರ ಹಿರಿಯ ಮಗ ಬಾಜಿರಾಯನು 1700ರಲ್ಲಿ ಹುಟ್ಟಿದನು. ಚಿಮಾಜಿ ಅವನಿಗಿಂತ ಕೆಲವು ವರ್ಷ ಕಿರಿಯ. 1720ರಲ್ಲಿ ತಂದೆ ತೀರಿಕೊಂಡಾಗ ಪೇಶವೆ ಪದವಿ ಬಾಜಿರಾಯನಿಗೆ ಬಂತು. ಅಣ್ಣನು ವರ್ಷದ ಬಹುಭಾಗವನ್ನು ಕುದುರೆಯ ಬೆನ್ನ ಮೇಲೆಯೇ ಕಳೆಯುತ್ತಿದ್ದನು. ಪುಣೆಯಲ್ಲಿ ಕುಳಿತು ಸಾಲಗಾರರನ್ನು ಸಮಾಧಾನಪಡಿಸುವುದು, ದಂಡಿಗೆ ಹಣ, ಮದ್ದು, ಮೇವುಗಳನ್ನು ಒದಗಿಸುವುದು, ಸಾತಾರೆಯ ದರಬಾರಿನಲ್ಲಿ ವಿರೋಧಿಗಳ ಮೇಲೆ ಕಣ್ಣಿಡುವುದು, ಇವೆಲ್ಲ ಬಹುಮಟ್ಟಿಗೆ ತಮ್ಮನ ಪಾಲಿಗೆ ಬಂದುವು. ದೇಹಪ್ರಕೃತಿ ಗಟ್ಟಿಯಾದುದಾಗಿರಲಿಲ್ಲ, ಮನಸ್ಸು ಮಾತ್ರ ಎಚ್ಚರವಾದುದು. ಬಾಜಿರಾಯನ ಮಗ ನಾನಾಸಾಹೇಬನು ರಾಜಕಾರಣದ ಪಾಠಗಳನ್ನು ಕಲಿತುದು ಈ ಚಿಕ್ಕಪ್ಪನ ಕೈಕೆಳಗೆ.

ಹಾಗೆಂದು ಅವನನ್ನು ಬರಿಯ ಲೆಕ್ಕಪತ್ರದ ಮನುಷ್ಯನೆಂದು ತಿಳಿಯಬಾರದು. 1728ರ ನವೆಂಬರಿನಲ್ಲಿ ಮಾಳವದ ಅಮಝೇರಾದಲ್ಲಿ ಮೊಗಲರ ಸುಬೇದಾರ ಗಿರಿಧರ ಬಹಾದುರನ ಸೈನ್ಯವನ್ನು ಮುರಿದವನು ಚಿಮಾಜಿಯೇ. ಗಿರಿಧರ ಬಹಾದುರನೂ ಅವನ ಬಂಧು ದಯಾ ಬಹಾದುರನೂ ಆ ಯುದ್ಧದಲ್ಲಿ ಹತರಾದರು. ಮಾಳವದ ಬಾಗಿಲು ಮರಾಠರಿಗೆ ತೆರೆಯಿತು.

ಕುದುರೆ ಈಜಲಾರದ ನೀರು

ಮರಾಠರ ದಂಡೆಂದರೆ ಮುಖ್ಯವಾಗಿ ಕುದುರೆಯ ದಂಡು. ಇಂದು ಇಲ್ಲಿ, ನಾಳೆ ಐವತ್ತು ಮೈಲು ಆಚೆ. ಶತ್ರು ಎಚ್ಚರಗೊಳ್ಳುವ ಮುನ್ನ ಕೆಲಸ ಮುಗಿದಿರುತ್ತಿತ್ತು. ಆದರೆ ಆ ವೇಗ ಸಮುದ್ರತೀರದಲ್ಲಿ ನಿಂತುಹೋಗುತ್ತಿತ್ತು. 1733ರಲ್ಲಿ ಬಾಜಿರಾಯನು ಸಿದ್ದಿಯ ಮೇಲೆ ಏರಿಹೋದನು. ರಾಯಗಡವು ಮರಾಠರಿಗೆ ಮರಳಿ ಬಂತು. ತೀರದ ಕೆಲವು ಕೋಟೆಗಳೂ ಬಂದುವು. ನೀರಿನ ನಡುವೆ ನಿಂತ ಜಂಜೀರೆ ಮಾತ್ರ ಕೈಗೆ ಬರಲಿಲ್ಲ. ಆಂಗ್ರೆಯವರ ನೌಕಾಬಲವು ಮನೆಯೊಳಗಿನ ಕಲಹದಿಂದ ಒಡೆದುಹೋಗಿತ್ತು. ಪೇಶವೆಯ ಬಳಿ ಸ್ವಂತ ಹಡಗುಗಳಿರಲಿಲ್ಲ. 1736ರ ಏಪ್ರಿಲಿನಲ್ಲಿ ಚಿಮಾಜಿಯು ಅಲಿಬಾಗ-ರೇವಸಗಳ ಕಡೆ ಸಿದ್ದಿ ಸಾತನನ್ನು ನೆಲದ ಮೇಲೆಯೇ ಹಿಡಿದು ಸೋಲಿಸಿ ಕೊಂದನು. ಆ ಗೆಲುವಿನಿಂದ ಸಿದ್ದಿಯ ಹಾವಳಿ ತಗ್ಗಿತು. ನೀರನ್ನು ಅರಿಯದವನಿಗೆ ಕೊಂಕಣವು ದಕ್ಕದೆಂಬ ಪಾಠವನ್ನೂ ಚಿಮಾಜಿಯು ಅಲ್ಲಿಂದಲೇ ತಂದನೆಂದು ನಾವು ಊಹಿಸಬಹುದು.

ಮರಾಠರಿಗೆ ಈ ಪಾಠ ಹೊಸದೇನೂ ಆಗಿರಲಿಲ್ಲ. ಶಿವಾಜಿ ಮಹಾರಾಜನು 1657ರಲ್ಲಿ ಕಲ್ಯಾಣ, ಭಿವಂಡಿಗಳನ್ನು ಹಿಡಿದ ತರುವಾಯ ಹಡಗು ಕಟ್ಟಿಸುವ ಕೆಲಸವನ್ನು ಇದೇ ಕಲ್ಯಾಣದ ಖಾಡಿಯಲ್ಲಿ ಆರಂಭಿಸಿದ್ದನು. 1665ರಲ್ಲಿ ಅವನ ಹಡಗುಗಳು ನಮ್ಮ ಕನ್ನಡ ಕರಾವಳಿಯ ಬಸರೂರಿನವರೆಗೂ ಬಂದು ದಂಡಿಳಿಸಿ ಆ ಸಿರಿವಂತ ಪಟ್ಟಣವನ್ನು ಸೂರೆಗೊಂಡಿದ್ದುವು. ಆದರೆ 1730ರ ದಶಕದ ಹೊತ್ತಿಗೆ ಆ ನೌಕಾಬಲವು ಆಂಗ್ರೆಯವರ ಮನೆತನದ ಸ್ವತ್ತಾಗಿತ್ತು. ಚಿಮಾಜಿಗೆ ಉಳಿದುದು ಖಾಡಿಯ ಮಚವೆಗಳು, ಪಡಾವುಗಳು ಮತ್ತು ಅವನ್ನು ನಡೆಸಬಲ್ಲ ಜನ.

ಎರಡು ನೀರಿನ ನಡುವಿನ ಸಾಷ್ಟಿ

ಈಗ ಭೂಗೋಲವನ್ನು ಸ್ವಲ್ಪ ನೆನೆಯೋಣ. ಕಲ್ಯಾಣದ ಬಳಿ ಹರಿದು, ಡೊಂಬಿವಲಿಯ ಪಕ್ಕದಿಂದ ಬರುವ ಉಲ್ಹಾಸ ನದಿಯು ಘೋಡಬಂದರದ ಮುಂದೆ ಸಾಗಿ ವಸಯಿಯ ಬಳಿ ಸಮುದ್ರವನ್ನು ಸೇರುತ್ತದೆ. ಠಾಣೆಯ ಖಾಡಿಯು ದಕ್ಷಿಣಕ್ಕೆ ಹೋಗಿ ಮುಂಬಯಿಯ ಬಂದರನ್ನು ಕೂಡುತ್ತದೆ. ಇವೆರಡಕ್ಕೂ ಅರಬ್ಬೀ ಸಮುದ್ರಕ್ಕೂ ನಡುವಿನ ನೆಲವೇ ಸಾಷ್ಟಿ. ಠಾಣೆ, ಕುರ್ಲಾ, ಅಂಧೇರಿ, ಬೋರಿವಲಿ ಎಂದು ನಾವಿಂದು ಕರೆಯುವ ಊರುಗಳೆಲ್ಲ ಈ ದ್ವೀಪದ ಮೇಲಿನವು. 1534ರಲ್ಲಿ ಗುಜರಾತಿನ ಸುಲ್ತಾನ ಬಹಾದುರ ಶಹನಿಂದ ವಸಯಿಯನ್ನೂ ಈ ದ್ವೀಪಗಳನ್ನೂ ಪಡೆದ ಪೋರ್ತುಗೀಜರು ಎರಡು ಶತಮಾನಗಳ ಕಾಲ ಇಲ್ಲಿ ಆಳಿದರು. ವಸಯಿಯು ಅವರ ಉತ್ತರ ಪ್ರಾಂತದ ರಾಜಧಾನಿ. ಕಲ್ಲಿನ ಕೋಟೆ, ಚರ್ಚುಗಳು, ಮಠಗಳು, ಶ್ರೀಮಂತರ ಮಹಡಿ ಮನೆಗಳಿಂದ ಅದು ಮೆರೆಯುತ್ತಿತ್ತು.

ಹಿಂದೂ ಧರ್ಮದ ಆಚರಣೆಗಳಿಗೆ ಆ ಆಡಳಿತವು ಒಡ್ಡಿದ ನಿರ್ಬಂಧಗಳಿಂದ ಜನರು ಬಹುಕಾಲದಿಂದ ನೊಂದಿದ್ದರು. ಭಿವಂಡಿಯ ಬಳಿಯ ಅಂಜೂರಿನ ಗಂಗಾಜಿ ನಾಯಕನಂತಹ ಸ್ಥಳೀಯ ಮುಖಂಡರು ಪುಣೆಗೆ ಮೊರೆಯಿಟ್ಟರು. ಭತ್ತದ ಗದ್ದೆಗಳಿಂದ ತುಂಬಿದ ಸಾಷ್ಟಿಯ ಹುಟ್ಟುವಳಿ, ಖಾಡಿಯ ಸುಂಕ, ಕಲ್ಯಾಣ ಪ್ರಾಂತದ ರಕ್ಷಣೆ ಇವೂ ಪೇಶವೆಯ ಮನಸ್ಸಿನಲ್ಲಿದ್ದುವು. ಧರ್ಮದ ನೋವು ಮತ್ತು ರಾಜ್ಯದ ಲಾಭ ಎರಡೂ ಇಲ್ಲಿ ಒಂದೇ ದಾರಿ ಹಿಡಿದುವೆನ್ನುವುದೇ ಸತ್ಯಕ್ಕೆ ಹತ್ತಿರ. ಅಪಾಯವನ್ನು ಮನಗಂಡ ಪೋರ್ತುಗೀಜರು ಠಾಣೆಯಲ್ಲಿ ಖಾಡಿಯ ದಡದಲ್ಲಿಯೇ ಹೊಸ ಕೋಟೆಯನ್ನು ಕಟ್ಟಲಾರಂಭಿಸಿದರು. ಅದು ಮುಗಿದರೆ ಸಾಷ್ಟಿಯ ಬಾಗಿಲು ಮುಚ್ಚಿದಂತೆಯೇ. ಮುಗಿಯುವುದರೊಳಗೆ ದಾಟಬೇಕು, ಇದೇ ಚಿಮಾಜಿಯ ನಿರ್ಧಾರ.

ದಾಟುವ ಲೆಕ್ಕ

ದೋಣಿಗಳಲ್ಲಿ ದಂಡನ್ನು ತುಂಬಿ ಶತ್ರುವಿನ ದಡದಲ್ಲಿ ಇಳಿಸುವ ಕೆಲಸದ ಕಷ್ಟವನ್ನು ವಾಚಕರು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಉದಾಹರಣೆಗೆ, ಒಂದು ಮಚವೆಯಲ್ಲಿ 25 ಜನ ಹಿಡಿಸುವರೆನ್ನೋಣ. ಒಂದು ಸಾವಿರ ಜನರನ್ನು ಒಂದೇ ಸಲ ದಾಟಿಸಲು 40 ಮಚವೆಗಳು ಬೇಕು. ಇಪ್ಪತ್ತೇ ಇದ್ದರೆ, ಮೊದಲು ಇಳಿದ 500 ಜನರು, ದೋಣಿಗಳು ಹಿಂದಿರುಗಿ ಉಳಿದವರನ್ನು ತರುವ ತನಕ, ಶತ್ರುವಿನೆದುರು ಒಂಟಿಯಾಗಿ ನಿಲ್ಲಬೇಕು. ದೋಣಿಗಳನ್ನು ಬಹಳ ಮುಂಚೆ ಒಂದೆಡೆ ಕೂಡಿಹಾಕಿದರೆ ಗುಟ್ಟು ರಟ್ಟಾಗುತ್ತದೆ. ತಡಮಾಡಿದರೆ ಸಾಲುವಷ್ಟು ಸಿಗುವುದಿಲ್ಲ. ಉಬ್ಬರದ ಹೊತ್ತಿನಲ್ಲಿ ಹೊರಟರೆ ದೋಣಿ ದಡದವರೆಗೂ ಹೋಗುತ್ತದೆ. ಇಳಿತದಲ್ಲಿ ಹೊರಟರೆ ಅರ್ಧದಲ್ಲಿ ಕೆಸರಿಗೆ ಕಚ್ಚಿ ನಿಲ್ಲುತ್ತದೆ. ಮೊಣಕಾಲು ಮಟ್ಟದ ಕೆಸರಿನಲ್ಲಿ ಏಣಿ ಹೊತ್ತು ನಡೆಯುವವನು ಗುಂಡಿಗೆ ಸುಲಭದ ಗುರಿ. ಕೋವಿಯ ಮದ್ದು ಒದ್ದೆಯಾದರೆ ಕೋವಿಯು ಬರಿಯ ಕೋಲು. ಕುದುರೆಗಳನ್ನು ಹಿಂದೆಯೇ ಬಿಡಬೇಕು. ಎಲ್ಲಕ್ಕೂ ಮಿಗಿಲಾಗಿ, ಆಷಾಢದ ಮಳೆ ಹಿಡಿಯುವ ಮುನ್ನ ಕೆಲಸ ಮುಗಿಯಬೇಕು.

ಹೋಟೆಲಿನಲ್ಲಿ ದುಡಿಯುವ ನಮ್ಮ ಮಿತ್ರರು ಇದನ್ನು ಬೇಗನೆ ಅರಿತಾರು. ಗಿರಾಕಿಗಳು ಬಂದು ಕುಳಿತ ಮೇಲೆ ಅಕ್ಕಿ ನೆನೆಹಾಕಿ ಫಲವಿಲ್ಲ. ನಸುಕಿಗೆ ಮುಂಚೆ ನಡೆದ ಸಿದ್ಧತೆಯೇ ಹೊತ್ತೇರಿದಾಗ ಮಾನ ಕಾಯುವುದು. 1944ರ ಜೂನ್ 6ರಂದು ನಾರ್ಮಂಡಿಯ ತೀರದಲ್ಲಿ ಮಿತ್ರರಾಷ್ಟ್ರಗಳ ಸೈನ್ಯ ಇಳಿದಾಗಲೂ ಇದೇ ಕಥೆ. ಸಾವಿರಾರು ದೋಣಿಗಳಿದ್ದರೂ, ಬೆಳುದಿಂಗಳು ಮತ್ತು ಸಮುದ್ರದ ಇಳಿತ ಎರಡೂ ಹೊಂದುವ ದಿನಗಳು ತಿಂಗಳಿಗೆ ಕೆಲವೇ. ಹವೆ ಕೆಟ್ಟುದರಿಂದ ಸೇನಾಪತಿ ಐಸೆನ್‌ಹೋವರನು ಒಂದು ದಿನ ಮುಂದೂಡಬೇಕಾಯಿತು. ಚಿಮಾಜಿಯ ಕಾಲಕ್ಕೆ ಹವಾಮಾನದ ಇಲಾಖೆಯಿರಲಿಲ್ಲ, ಖಾಡಿಯ ನಕ್ಷೆಗಳೂ ಇರಲಿಲ್ಲ. ಆ ಜ್ಞಾನವೆಲ್ಲ ನಮ್ಮ ಮೊಗವೀರರಂತೆಯೇ ಕಡಲನ್ನು ನಂಬಿ ಬದುಕುವ ಇಲ್ಲಿನ ಬೆಸ್ತರ ಮತ್ತು ಅಂಬಿಗರ ತಲೆಯಲ್ಲಿತ್ತು. ಅಂಜೂರಿನ ನಾಯಕರಂತಹ ಸ್ಥಳೀಯರ ಸಹಾಯವು ಆದುದರಿಂದಲೇ ಅಮೂಲ್ಯವಾಯಿತು.

ಠಾಣೆ ಬಿದ್ದ ರಾತ್ರಿ

1737ರ ಬೇಸಿಗೆಯ ಆರಂಭದಲ್ಲಿ ಮರಾಠರು ಸಾಷ್ಟಿ ಮತ್ತು ವಸಯಿ ಎರಡರತ್ತಲೂ ಏಕಕಾಲಕ್ಕೆ ಹೊರಟರು. ವಸಯಿಯ ಕಡೆಗೆ ಶಂಕರಾಜಿ ಕೇಶವ, ಠಾಣೆಯ ಕಡೆಗೆ ಖಂಡೋಜಿ ಮಾನಕರ ಮೊದಲಾದ ಸರದಾರರು. ಎರಡು ಕಡೆ ಬೆದರಿಕೆಯೊಡ್ಡಿದುದರಿಂದ ಒಂದರ ಸಹಾಯಕ್ಕೆ ಇನ್ನೊಂದು ಬರುವಂತಿರಲಿಲ್ಲ. ರಾತ್ರಿಯ ಕತ್ತಲಲ್ಲಿ ದೋಣಿಗಳು ಖಾಡಿಯನ್ನು ದಾಟಿದುವು. ಕೋಟೆಯ ಗೋಡೆ ಇನ್ನೂ ಪೂರ್ತಿಯಾಗಿರಲಿಲ್ಲ. ಅಲ್ಲಿನ ಕಾವಲು ಚದುರಿಹೋಯಿತು. ಠಾಣೆಯ ಹಿಂದೆಯೇ ಸಾಷ್ಟಿಯ ಬಹುಭಾಗವು ಮರಾಠರ ವಶವಾಯಿತು. ವಸಯಿಯ ಉತ್ತರಕ್ಕಿರುವ ಅರ್ನಾಳ ದ್ವೀಪವೂ ಅದೇ ವರ್ಷ ಕೈಸೇರಿತು. ಪೋರ್ತುಗೀಜರು ಅರ್ಧಕ್ಕೆ ಬಿಟ್ಟ ಠಾಣೆಯ ಕೋಟೆಯನ್ನು ಮರಾಠರೇ ಪೂರ್ತಿ ಮಾಡಿಸಿದರು. ಇಂದು ಠಾಣೆಯ ಸೆರೆಮನೆಯಿರುವುದು ಆ ಕೋಟೆಯೊಳಗೆಯೇ.

ಖಾಡಿಯ ಪೂರ್ವದಡದಲ್ಲಿ, ಇಂದಿನ ನವಿ ಮುಂಬಯಿಯ ಬೇಲಾಪುರದ ಕೋಟೆಯೂ ಅದೇ ದಶಕದಲ್ಲಿ ಪೋರ್ತುಗೀಜರ ಕೈತಪ್ಪಿತು. ಕೋಟೆ ದಕ್ಕಿದರೆ ಅಮೃತೇಶ್ವರನಿಗೆ ಬಿಲ್ವಪತ್ರೆಯ ಮಾಲೆಯನ್ನು ಏರಿಸುವುದಾಗಿ ಚಿಮಾಜಿಯು ಹರಕೆ ಹೊತ್ತನೆಂದೂ, ಊರಿಗೆ ಆ ಹೆಸರು ಬಂದುದು ಅದರಿಂದಲೇ ಎಂದೂ ಐತಿಹ್ಯವಿದೆ.

ಠಾಣೆಯು ಒಂದೇ ಏಟಿಗೆ ಬಂದಂತೆ ವಸಯಿ ಬರಲಿಲ್ಲ. ಆ ವರ್ಷ ಏಣಿ ಹಚ್ಚಿ ಹತ್ತುವ ಪ್ರಯತ್ನಗಳು ಸೋತುವು. ಮುಂದೆ ಚಿಮಾಜಿಯು ನಿಜಾಮನ ಮಗ ನಾಸಿರಜಂಗನನ್ನು ತಡೆಯಲು ತಾಪಿ ನದಿಯ ತೀರಕ್ಕೆ ಹೋಗಬೇಕಾಯಿತು. ಈ ಅವಕಾಶವನ್ನು ಬಳಸಿ 1738ರ ಕೊನೆಯಲ್ಲಿ ಪೋರ್ತುಗೀಜ ಸೇನಾಪತಿ ಪೇದ್ರೊ ದೆ ಮೆಲೊ ಎಂಬವನು ನೀರಿನ ಮಾರ್ಗವಾಗಿ ಠಾಣೆಯ ಮೇಲೆ ಬಂದನು. ಈಗ ದೋಣಿಯಿಂದ ಇಳಿಯಬೇಕಾದವರು ಪೋರ್ತುಗೀಜರು, ಗೋಡೆಯ ಮೇಲೆ ನಿಂತವರು ಮರಾಠರು. ಫಿರಂಗಿಯ ಗುಂಡು ತಗಲಿ ಮೆಲೊ ಸತ್ತನು. ಅವನ ದಂಡು ಹಿಂದಿರುಗಿತು. ಮುಗಿದ ಕೋಟೆಗೂ ಮುಗಿಯದ ಕೋಟೆಗೂ ಇರುವ ಅಂತರ ಎರಡೇ ವರ್ಷಗಳಲ್ಲಿ ಎರಡೂ ಪಕ್ಷಗಳಿಗೆ ತಿಳಿಯಿತು.

ವಸಯಿಯ ಮೂರು ತಿಂಗಳು

ಚಿಮಾಜಿಯು ಕೊಂಕಣಕ್ಕೆ ಮರಳಿದ ಮೇಲೆ ವಸಯಿಯನ್ನು ನೇರವಾಗಿ ಮುಟ್ಟಲಿಲ್ಲ. 1739ರ ಜನವರಿಯಲ್ಲಿ ಉತ್ತರದ ಮಾಹೀಮ, ತಾರಾಪುರಗಳನ್ನು ತೆಗೆದುಕೊಂಡನು. ತಾರಾಪುರದಲ್ಲಿ ಬಾಜಿ ಭೀವರಾವನೆಂಬ ನೆಚ್ಚಿನ ಸರದಾರನು ಮಡಿದನು. ತರುವಾಯ ವರ್ಸೋವಾ, ಭಾಯಂದರದ ಬಳಿಯ ಧಾರಾವಿ ಕೋಟೆಗಳು ಬಂದುವು. ಈ ಧಾರಾವಿಯು ವಸಯಿಯ ಖಾಡಿಯ ಬಾಯಿಗೆ ಎದುರಾಗಿರುವುದು. ಅದು ಕೈಯಲ್ಲಿದ್ದವನು ಖಾಡಿಯೊಳಗೆ ಹೋಗಿಬರುವ ದೋಣಿಗಳಿಗೆ ಒಡೆಯ. ಸಮುದ್ರದ ಕಡೆ ಮಾನಾಜಿ ಆಂಗ್ರೆಯ ಹಡಗುಗಳು ಕಾವಲು ನಿಂತುವು. ಗೋವೆಯಿಂದ ಸಹಾಯ ಬರದಂತೆ ಪೇಶವೆಯ ಭಾವ, ಇಚಲಕರಂಜಿಯ ವ್ಯಂಕಟರಾವ ಘೋರ್ಪಡೆಯು ಅಲ್ಲಿಯೇ ನುಗ್ಗಿ ಮಡಗಾಂವವನ್ನು ಹಿಡಿದನು. ಹೀಗೆ ಒಂದೊಂದೇ ನೀರಿನ ಬಾಗಿಲನ್ನು ಮುಚ್ಚಿದ ಮೇಲೆ, 1739ರ ಫೆಬ್ರವರಿಯಲ್ಲಿ ವಸಯಿಯ ಮುತ್ತಿಗೆ ಬಿಗಿಯಾಯಿತು.

ಕೋಟೆಗೆ ಮೂರು ಕಡೆ ನೀರು. ಉತ್ತರಕ್ಕೆ ಮಾತ್ರ ಮರಳಿನ ನೆಲ. ಆ ಮರಳಿನಲ್ಲಿಯೇ ಕಂದಕಗಳನ್ನು ತೋಡುತ್ತ, ಗೋಡೆಯ ಬುಡಕ್ಕೆ ಸುರಂಗಗಳನ್ನು ಕೊರೆಯುತ್ತ ಮರಾಠರು ಮುಂದುವರಿದರು. ಒಳಗಿನವರು ಶೌರ್ಯದಿಂದ ಕಾದರು; ಕೋಟೆಯ ಮುಖ್ಯಸ್ಥನು ಸತ್ತರೂ ಕೈಬಿಡಲಿಲ್ಲ. ಮುಂಬಯಿಯ ಇಂಗ್ಲಿಷರಿಂದ ಚರ್ಚಿನ ಬೆಳ್ಳಿಯನ್ನು ಒತ್ತೆಯಿಟ್ಟು ಅವರು ಸಾಲ ತಂದರು. ಸಹಾಯ ಮಾತ್ರ ಹೆಚ್ಚಾಗಿ ಬರಲಿಲ್ಲ. ಇತ್ತ ಚಿಮಾಜಿಗೂ ನೆಮ್ಮದಿಯಿಲ್ಲ. ಆ ವಸಂತದಲ್ಲಿಯೇ ನಾದಿರ ಶಹನು ದಿಲ್ಲಿಯನ್ನು ಸೂರೆಗೊಂಡಿದ್ದನು. ಉತ್ತರಕ್ಕೆ ದಂಡು ಬೇಕಾಗಿತ್ತು. ಮಳೆಗಾಲವೂ ಸಮೀಪಿಸುತ್ತಿತ್ತು. ಕೋಟೆ ದಕ್ಕದಿದ್ದರೆ ತನ್ನ ತಲೆಯನ್ನಾದರೂ ಫಿರಂಗಿಗೆ ತುಂಬಿ ಒಳಕ್ಕೆ ಹಾರಿಸಬೇಕೆಂದು ಅವನು ಸರದಾರರಿಗೆ ಹೇಳಿದನೆಂಬ ಕಥೆ ಮಹಾರಾಷ್ಟ್ರದಲ್ಲಿ ಇಂದಿಗೂ ಪ್ರಚಲಿತ. ನಿಜವಿರಲಿ, ಇಲ್ಲದಿರಲಿ, ಆ ದಿನಗಳ ತಳಮಳಕ್ಕೆ ಅದು ಸಾಕ್ಷಿ.

ಮೇ ತಿಂಗಳಲ್ಲಿ ಸುರಂಗಗಳಿಗೆ ಬೆಂಕಿಯಿಟ್ಟರು. ಒಂದು ಸಿಡಿದು ಗೋಡೆ ಬಿರಿಯಿತು, ಸೈನಿಕರು ನುಗ್ಗಿದರು. ತಡವಾಗಿ ಸಿಡಿದ ಇನ್ನೊಂದು ಸುರಂಗವು ನುಗ್ಗಿದ ತಮ್ಮವರನ್ನೇ ಹಾರಿಸಿಬಿಟ್ಟಿತು. ಗೋಡೆಯ ಮೇಲಿನಿಂದ ಕೈಬಾಂಬುಗಳೂ ಮರದ ದಿಮ್ಮಿಗಳೂ ಉರುಳಿದುವು. ಸಾವಿರಾರು ಜನ ಸತ್ತು ಗಾಯಗೊಂಡರು. ಆದರೂ ಮರುದಿನ ಮತ್ತೆ ಏರಿದರು. ಸೇಂಟ್ ಸೆಬಾಸ್ಟಿಯನ್ ಬುರುಜು ಉರುಳಿದ ಮೇಲೆ ಒಳಗಿನವರು ಬಿಳಿಯ ಬಾವುಟವನ್ನು ತೋರಿಸಿದರು. ಅದು 1739ರ ಮೇ 16.

ಗೆದ್ದ ಚಿಮಾಜಿಯ ನಡತೆಯು ಅವನ ಗೆಲುವಿಗಿಂತಲೂ ಹಿರಿದೆಂದು ನಮ್ಮ ಅಭಿಪ್ರಾಯ. ಅಷ್ಟು ಜನರನ್ನು ಕಳೆದುಕೊಂಡ ದಂಡು ಸೇಡಿಗೆ ಹಾತೊರೆಯುವುದು ಸಹಜ. ಆದರೂ ಸೈನಿಕರು ಆಯುಧಗಳೊಡನೆ, ನಗಾರಿ ಬಾರಿಸುತ್ತ ಹೊರಹೋಗಲು ಅವನು ಒಪ್ಪಿದನು. ಹೆಂಗಸರು, ಮಕ್ಕಳು, ಸೊತ್ತು ಸಾಗಿಸಲು 8 ದಿನಗಳ ಗಡುವು ಕೊಟ್ಟನು. ಉಳಿಯಬಯಸಿದ ಕ್ರೈಸ್ತರಿಗೆ ತಮ್ಮ ಧರ್ಮದ ಆಚರಣೆಗೆ ಅಡ್ಡಿಯಿಲ್ಲವೆಂದು ಮಾತು ಕೊಟ್ಟನು. ವಸಯಿ ಪ್ರಾಂತದಲ್ಲಿ ಇಂದಿಗೂ ಕ್ರೈಸ್ತ ಸಮಾಜವು ತನ್ನ ಮರಾಠಿ ನುಡಿಯೊಡನೆ ಬಾಳುತ್ತಿರುವುದನ್ನು ನಾವು ಕಾಣುತ್ತೇವೆ. ಚರ್ಚುಗಳ ಘಂಟೆಗಳು ಮಾತ್ರ ವಿಜಯದ ಕುರುಹಾಗಿ ದೇವಾಲಯಗಳನ್ನು ಸೇರಿದುವು. ಭೀಮಾಶಂಕರದಲ್ಲಿ, ನಾಸಿಕದ ನಾರೋಶಂಕರ ಗುಡಿಯಲ್ಲಿ ಅವನ್ನು ಇಂದಿಗೂ ನೋಡಬಹುದು. ಭಿವಂಡಿ ತಾಲೂಕಿನ ವಜ್ರೇಶ್ವರಿಯ ಗುಡಿಯು ಕೋಟೆಯ ಆಕಾರವನ್ನು ಪಡೆದುದು ಚಿಮಾಜಿಯ ಹರಕೆಯಿಂದಲೇ ಎಂದು ಹೇಳುತ್ತಾರೆ.

ಕೊನೆಯ ದಿನಗಳು

ಈ ವಿಜಯದ ಸುಖವನ್ನು ಅವನು ಹೆಚ್ಚು ಕಾಲ ಉಣ್ಣಲಿಲ್ಲ. ಜುಲೈಯಲ್ಲಿ ಇಂಗ್ಲಿಷರ ದೂತ ಇಂಚ್‌ಬರ್ಡನೊಡನೆ ಒಪ್ಪಂದವಾಯಿತು. ಮನೆಯಲ್ಲಿ ಮಸ್ತಾನಿಯ ವಿಷಯವಾಗಿ ಅಣ್ಣನೊಡನೆ ಮನಸ್ತಾಪದ ದಿನಗಳು ಬಂದುವು. 1740ರ ಏಪ್ರಿಲ್ 28ರಂದು ಬಾಜಿರಾಯನು ನರ್ಮದೆಯ ತೀರದ ರಾವೇರಖೇಡಿಯಲ್ಲಿ ತೀರಿಕೊಂಡನು. ಆ ದುಃಖದಲ್ಲಿಯೂ ಚಿಮಾಜಿಯು ನಾನಾಸಾಹೇಬನಿಗೆ ಪೇಶವೆ ಪದವಿ ದೊರೆಯುವಂತೆ ನೋಡಿಕೊಂಡನು. ಅದೇ ವರ್ಷದ ಡಿಸೆಂಬರದಲ್ಲಿ ಅವನೂ ಕಣ್ಣು ಮುಚ್ಚಿದನು. ಅವನ ಮಗ ಸದಾಶಿವರಾವನಿಗೆ ಆಗ 10 ವರ್ಷ. 1761ರಲ್ಲಿ ಪಾಣಿಪತದಲ್ಲಿ ಮಡಿದ ಭಾವೂಸಾಹೇಬನೆಂದರೆ ಈ ಬಾಲಕನೇ.

ಅವನು ಕೂಡಿಸಿಟ್ಟ ನೀರಿನ ವಿದ್ಯೆಯನ್ನು ಮುಂದಿನವರು ಕಾಪಾಡಲಿಲ್ಲವೆಂಬುದು ಈ ಕಥೆಯ ದುಃಖದ ಭಾಗ. 1756ರಲ್ಲಿ ನಾನಾಸಾಹೇಬನು ಮನೆಯ ವೈರದಿಂದ ಇಂಗ್ಲಿಷರೊಡಗೂಡಿ ಆಂಗ್ರೆಯವರ ವಿಜಯದುರ್ಗದ ಮೇಲೆ ಹೋದನು. ಇಂಗ್ಲಿಷ್ ಫಿರಂಗಿಗಳು ಆಂಗ್ರೆಯ ನೌಕಾಪಡೆಯನ್ನು ಸುಟ್ಟುವು. ತೀರದ ಕಾವಲನ್ನು ತಾನೇ ಸುಡಿಸಿದ ರಾಜ್ಯಕ್ಕೆ ತಕ್ಕ ಫಲ ಬಹಳ ತಡವಾಗಲಿಲ್ಲ. 1774ರ ಡಿಸೆಂಬರದಲ್ಲಿ ಇಂಗ್ಲಿಷರೇ ನೀರು ದಾಟಿ ಬಂದು ಠಾಣೆಯನ್ನು ಹಿಡಿದರು. ಸಾಷ್ಟಿಯು ಮತ್ತೆಂದೂ ಮರಾಠರಿಗೆ ಮರಳಲಿಲ್ಲ. 1802ರ ಕೊನೆಯ ದಿನ, ಚಿಮಾಜಿಯು ರಕ್ತ ಸುರಿಸಿ ಗೆದ್ದ ವಸಯಿಯಲ್ಲಿಯೇ, ಬಾಜಿರಾಯನ ಮೊಮ್ಮಗನಾದ ಎರಡನೆಯ ಬಾಜಿರಾಯನು ಇಂಗ್ಲಿಷರ ಆಶ್ರಯವನ್ನು ಬೇಡಿ ಒಪ್ಪಂದಕ್ಕೆ ಸಹಿ ಹಾಕಿದನು.

ಎರಡನೆಯ ಮಹಾಯುದ್ಧದಲ್ಲಿ ಭಾರತೀಯ ನೌಕಾದಳವು ದಂಡಿಳಿಸುವ ದೋಣಿಗಳ ಶಾಖೆಯೊಂದನ್ನು ಬೆಳೆಸಿತು. ಅದರ ನೆಲೆಯು ಅದೇ ಸಾಷ್ಟಿಯ ಪಶ್ಚಿಮ ತೀರದ ಮಾರ್ವೆಗೆ ಬಂದು, ಹಮ್ಲಾ ಎಂಬ ಹೆಸರಿನಿಂದ ಇಂದಿಗೂ ನೌಕಾದಳದ ಠಾಣ್ಯವಾಗಿ ಉಳಿದಿದೆ. ಮರೆತ ವಿದ್ಯೆಯನ್ನು ದೇಶವು ಹೊಸದಾಗಿ ಕಲಿಯಬೇಕಾಯಿತು.

ಚಿಮಾಜಿ ಅಪ್ಪನು ಬದುಕಿದುದು ಮೂವತ್ತು ವರ್ಷಗಳಿಗಿಂತ ತುಸು ಹೆಚ್ಚು ಮಾತ್ರ. ಅಣ್ಣನ ಕೀರ್ತಿಯ ನೆರಳಿನಲ್ಲಿದ್ದು, ಹಣ ಹೊಂದಿಸಿ, ದೋಣಿ ಎಣಿಸಿ, ನೀರಿನ ಏರಿಳಿತಕ್ಕೆ ಕಾದು, ಸರದಿ ಬಂದಾಗ ತಾನೇ ಮುಂದೆ ನಿಂತನು. ಅವನ ಹೆಸರಾದರೂ ಉಳಿದಿದೆ. ಆ ರಾತ್ರಿ ಹುಟ್ಟು ಹಾಕಿದ ಅಂಬಿಗರ, ವಸಯಿಯ ಮರಳಿನಲ್ಲಿ ಸುರಂಗ ತೋಡಿ ಅಲ್ಲಿಯೇ ಹೂತುಹೋದವರ ಹೆಸರುಗಳನ್ನು ಯಾವ ದಫ್ತರವೂ ಬರೆದಿಡಲಿಲ್ಲ. ದೊಡ್ಡವರ ಚರಿತ್ರೆಯನ್ನು ಓದುವಾಗ ಅವರನ್ನೂ ಲೆಕ್ಕಕ್ಕೆ ಹಿಡಿಯುವುದು ದುಡಿದು ಉಣ್ಣುವ ನಮ್ಮೆಲ್ಲರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.